ಅಮೆರಿಕದ ಕಮ್ಯುನಿಟಿ ಹೆಲ್ತ್ ಸೆಂಟರ್ ಅಂದರೆ ಧರ್ಮಾಸ್ಪತ್ರೆಯಾ? ಅದಕ್ಕೆ ದುಡ್ಡು ಯಾರು ಕೊಡುತ್ತಾರೆ?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಕೆಲಸ ಹೋಯಿತು, ಅದರ ಜೊತೆ ಇನ್ಶೂರೆನ್ಸೂ ಹೋಯಿತು. ಶುಗರ್ ಇದೆ, ದಿನಾ ಮಾತ್ರೆ ಬೇಕು. ಕಮ್ಯುನಿಟಿ ಹೆಲ್ತ್ ಸೆಂಟರ್‌ಗೆ ಹೋಗು ಅಂತ ಅಲ್ಲಿ ಯಾರೋ ಹೇಳಿದರಂತೆ. "ಅದು ಧರ್ಮಾಸ್ಪತ್ರೆ, ಬಡವರ ಪಾಲಿನದು, ನಾನು ಹೋಗಲ್ಲ" ಅಂತ ಕೂತಿದ್ದಾನೆ. ಅದು ನಮ್ಮ ಪಿ.ಎಚ್.ಸಿ. ತರಹದ ಸರ್ಕಾರಿ ಆಸ್ಪತ್ರೆಯಾ? ದುಡ್ಡು ಯಾರು ಕೊಡುತ್ತಾರೆ?

ಉತ್ತರ: ಮೊದಲು ನಿಮ್ಮ ತಮ್ಮನಿಗೆ ಹೋಗಲು ಹೇಳಿ. ಮಾತ್ರೆ ನಿಲ್ಲಿಸಿ ಮಾನ ಕಾಪಾಡಿಕೊಳ್ಳುವುದು ಬೇಡ.

ನಾನು ಇಲ್ಲಿ ಇಂಥದ್ದೇ ಒಂದು ಸೆಂಟರಿನ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಆದರೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಇಷ್ಟವಾಗಿದ್ದು.

ಇದು ಸರ್ಕಾರಿ ಆಸ್ಪತ್ರೆ ಅಲ್ಲ. ಇಲ್ಲಿ ಕೆಲಸ ಮಾಡುವ ನಾವು ಯಾರೂ ಸರ್ಕಾರಿ ನೌಕರರಲ್ಲ. ಬಹುತೇಕ ಸೆಂಟರುಗಳು ಊರಿನ ಒಂದೊಂದು ಟ್ರಸ್ಟ್ ಇದ್ದ ಹಾಗೆ, ಲಾಭಕ್ಕಾಗಿ ನಡೆಸದ ಖಾಸಗಿ ಸಂಸ್ಥೆಗಳು. ಆದರೆ ಅವುಗಳಿಗೆ ವಾಷಿಂಗ್ಟನ್ನಿನ ಆರೋಗ್ಯ ಇಲಾಖೆಯ ಅಡಿ ಬರುವ ಎಚ್‌ಆರ್‌ಎಸ್‌ಎ ಎಂಬ ಏಜೆನ್ಸಿಯಿಂದ ನೇರವಾಗಿ ಗ್ರಾಂಟ್ ಬರುತ್ತದೆ. ಸಾರ್ವಜನಿಕ ಆರೋಗ್ಯ ಸೇವಾ ಕಾಯಿದೆಯ 330ನೇ ಸೆಕ್ಷನ್ ಅಡಿ ಬರುವುದರಿಂದ ನಮ್ಮ ಆಫೀಸಿನಲ್ಲಿ ಎಲ್ಲರೂ ಅದನ್ನು 'ತ್ರೀ ಥರ್ಟಿ ದುಡ್ಡು' ಅಂತಲೇ ಕರೆಯುವುದು. ಇಂಥ ಸಂಸ್ಥೆಗಳು ದೇಶದಲ್ಲಿ ಸುಮಾರು 1,400 ಇವೆ. ಒಂದೊಂದಕ್ಕೂ ಹಲವು ಕ್ಲಿನಿಕ್‌ಗಳಿವೆ, ಎಲ್ಲ ಸೇರಿಸಿದರೆ 15,000ಕ್ಕೂ ಜಾಸ್ತಿ. ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಇಲ್ಲಿಗೆ ಬರುತ್ತಾರೆ. ಅಂದರೆ ಈ ದೇಶದ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು. ನಿಮ್ಮ ತಮ್ಮ ನಾಚಿಕೊಳ್ಳುವಷ್ಟು ಅಪರೂಪದ ಜಾಗವೇನೂ ಅಲ್ಲ.

ಈ "ನೇರವಾಗಿ" ಅನ್ನುವುದರ ಹಿಂದೆ ಒಂದು ಕಥೆ ಇದೆ. ಅದನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

1960ರ ದಶಕದಲ್ಲಿ ಜ್ಯಾಕ್ ಗೈಗರ್ ಎಂಬ ಡಾಕ್ಟರ್ ಇದ್ದರು. ಮೆಡಿಕಲ್ ಓದುವಾಗಲೇ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಫೊಲೇಲಾ ಎಂಬಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ದಂಪತಿ ಶುರು ಮಾಡಿದ್ದ ಆರೋಗ್ಯ ಕೇಂದ್ರದಲ್ಲಿ ಕೆಲಸ ಕಲಿತಿದ್ದರು. ಅಲ್ಲಿ ಬರೀ ರೋಗಿ ನೋಡುತ್ತಿರಲಿಲ್ಲ. ಊರಿನ ನೀರು, ಪಾಯಿಖಾನೆ, ತರಕಾರಿ ತೋಟ ಎಲ್ಲವನ್ನೂ ನೋಡುತ್ತಿದ್ದರು. ಅಮೆರಿಕಕ್ಕೆ ವಾಪಸ್ ಬಂದು, ನಾಗರಿಕ ಹಕ್ಕುಗಳ ಚಳವಳಿಯ ಹೊತ್ತಿನಲ್ಲಿ ಮಿಸಿಸಿಪ್ಪಿಗೆ ಹೋದಾಗ ಗೈಗರ್ ಕಂಡಿದ್ದು ಅದೇ ಬಡತನ. ಅಲ್ಲಿ ಹತ್ತಿ ಬಿಡಿಸಲು ಯಂತ್ರ ಬಂದಿತ್ತು. ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಕಪ್ಪು ಜನರಿಗೆ ಕೆಲಸವೇ ಇಲ್ಲವಾಗಿತ್ತು.

ಆಗ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದ್ದರು. ಅದಕ್ಕೊಂದು ಹೊಸ ಫೆಡರಲ್ ಕಚೇರಿಯೂ ಇತ್ತು. ಗೈಗರ್ ಮತ್ತು ಅವರ ಸಹೋದ್ಯೋಗಿ ಕೌಂಟ್ ಗಿಬ್ಸನ್ ಆ ಕಚೇರಿಯಿಂದ ದುಡ್ಡು ತಂದು ಎರಡು ಕೇಂದ್ರ ತೆರೆದರು. 1965ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ ಒಂದು. 1967ರಲ್ಲಿ ಮಿಸಿಸಿಪ್ಪಿಯ ಮೌಂಡ್ ಬಾಯು ಎಂಬ ಊರಿನಲ್ಲಿ ಇನ್ನೊಂದು. ಈ ಮೌಂಡ್ ಬಾಯು, ಗುಲಾಮಗಿರಿಯಿಂದ ಬಿಡುಗಡೆಯಾದವರೇ 1887ರಲ್ಲಿ ಕಟ್ಟಿಕೊಂಡ ಊರು.

ಈಗ ದುಡ್ಡಿನ ವಿಷಯ. ಆ ಕಾಲದ ಮಿಸಿಸಿಪ್ಪಿ ಸರ್ಕಾರ ಹೇಗಿತ್ತು ಅಂತ ಊಹಿಸಿಕೊಳ್ಳಿ. ಫೆಡರಲ್ ದುಡ್ಡು ರಾಜ್ಯದ ಮೂಲಕ ಬಂದಿದ್ದರೆ ಕಪ್ಪು ಜನರ ಊರಿಗೆ ಒಂದು ಪೈಸೆಯೂ ಮುಟ್ಟುತ್ತಿರಲಿಲ್ಲ. ಕಾನೂನಿನಲ್ಲಿ ರಾಜ್ಯಪಾಲರಿಗೆ (ಇಲ್ಲಿ ಅವರೇ ಚುನಾಯಿತರಾಗಿ ಬರುವವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಇಂಥ ಗ್ರಾಂಟ್ ತಡೆಯುವ ಅಧಿಕಾರವೂ ಇತ್ತು. ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿ ಇತ್ತು: ಗ್ರಾಂಟ್ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ರಾಜ್ಯಪಾಲರು ತಡೆಯುವಂತಿಲ್ಲ. ಹಾಗಾಗಿ ದುಡ್ಡು ಮ್ಯಾಸಚೂಸೆಟ್ಸ್‌ನಲ್ಲಿದ್ದ ಟಫ್ಟ್ಸ್ ವಿಶ್ವವಿದ್ಯಾಲಯದ ಹೆಸರಿಗೆ ಬಂತು. ಕೇಂದ್ರ ಎದ್ದಿದ್ದು ಮಿಸಿಸಿಪ್ಪಿಯಲ್ಲಿ. ರಾಜ್ಯ ಸರ್ಕಾರ ನೋಡುತ್ತಾ ನಿಂತಿತು. ಲೆಕ್ಕ ಬರೆಯುವವರ ಕಣ್ಣಿಗೆ ಇದಕ್ಕಿಂತ ಚಂದದ ಜಾಣತನ ಇನ್ನೊಂದಿಲ್ಲ.

ಅಲ್ಲಿಗೆ ಬಂದ ಮಕ್ಕಳಿಗೆ ಇದ್ದ ದೊಡ್ಡ ಕಾಯಿಲೆ ಹಸಿವು. ಡಾಕ್ಟರುಗಳು ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಬರೆದು ಕೊಡಲು ಶುರು ಮಾಡಿದರು. ಮನೆಯವರು ಚೀಟಿ ಹಿಡಿದು ಊರಿನ ಅಂಗಡಿಗೆ ಹೋಗಬೇಕು, ಅಂಗಡಿಯವರು ಬಿಲ್ ಕಳಿಸಬೇಕು, ಕೇಂದ್ರ ಔಷಧಿ ಖಾತೆಯಿಂದ ಹಣ ಕೊಡಬೇಕು. ವಾಷಿಂಗ್ಟನ್ನಿನಿಂದ ಆಕ್ಷೇಪ ಬಂತು: ಔಷಧಿ ದುಡ್ಡಿನಲ್ಲಿ ದಿನಸಿ ಹೇಗೆ ಕೊಡುತ್ತೀರಿ? "ನಾನು ಓದಿದ ಪಠ್ಯಪುಸ್ತಕದ ಪ್ರಕಾರ ಅಪೌಷ್ಟಿಕತೆಗೆ ಔಷಧಿ ಆಹಾರವೇ" ಅಂತ ಗೈಗರ್ ಉತ್ತರ ಕೊಟ್ಟರು. ಮುಂದೆ ಅದೇ ಜನ ಸೇರಿ ಸಹಕಾರಿ ತೋಟ ಮಾಡಿದರು, ಕೇಂದ್ರದವರು ಬಾವಿ ತೋಡಿಸಿದರು. ಇವತ್ತು ನಾನು ಔಷಧಿ ಖಾತೆಯಿಂದ ಒಂದು ಮೂಟೆ ಅಕ್ಕಿ ಕೊಳ್ಳಲು ಹೋದರೆ ಆಡಿಟರ್ ಸುಮ್ನೆ ಬಿಡುತ್ತಾರಾ? ಬಿಡಲ್ಲ. ಆ ಸ್ವಾತಂತ್ರ್ಯ ಹೋಯಿತು.

ಆದರೆ ರಾಜ್ಯವನ್ನು ದಾಟಿ ನೇರವಾಗಿ ಊರಿಗೆ ದುಡ್ಡು ಬರುವ ದಾರಿ ಉಳಿಯಿತು. 1975ರಲ್ಲಿ ಇದಕ್ಕೆ ಕಾಯಂ ಕಾನೂನು ಬಂತು. ಅಧ್ಯಕ್ಷ ಫೋರ್ಡ್ ವೀಟೋ ಮಾಡಿದರು, ಸಂಸತ್ತು ಅದನ್ನು ಮೀರಿ ಪಾಸು ಮಾಡಿತು. 80ರ ದಶಕದಲ್ಲಿ ರೇಗನ್ ಈ ದುಡ್ಡನ್ನು ರಾಜ್ಯಗಳ ಕೈಗೆ ಒಪ್ಪಿಸಲು ನೋಡಿದರು, ಅದೂ ನಡೆಯಲಿಲ್ಲ. ಡೆಮಾಕ್ರಾಟರ ಕೂಸು ಅಂದುಕೊಳ್ಳಬೇಡಿ. ಇದನ್ನು ಜೋರಾಗಿ ಬೆಳೆಸಿದವರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಒಬ್ಬರು. ಅವರ ಕಾಲದಲ್ಲಿ 1,200 ಜಾಗಗಳಲ್ಲಿ ಹೊಸ ಕೇಂದ್ರ ತೆರೆಯುವ ಇಲ್ಲವೇ ಇದ್ದದ್ದನ್ನು ದೊಡ್ಡದು ಮಾಡುವ ಗುರಿ ಇಟ್ಟುಕೊಂಡು ಮುಟ್ಟಿದರು.

ಭಾರತದಲ್ಲಿ ಇದು ಹಾಗಲ್ಲ, ಅಲ್ವಾ? ರಾಷ್ಟ್ರೀಯ ಆರೋಗ್ಯ ಅಭಿಯಾನದ ದುಡ್ಡು ಹೆಚ್ಚಿನ ರಾಜ್ಯಗಳಿಗೆ ಕೇಂದ್ರದ್ದು 60, ರಾಜ್ಯದ್ದು 40 ಅನ್ನುವ ಲೆಕ್ಕದಲ್ಲಿ, ರಾಜ್ಯದ ಮೂಲಕವೇ ಇಳಿಯುತ್ತದೆ. ಪಿ.ಎಚ್.ಸಿ. ಎಲ್ಲಿ ಬೇಕು ಅನ್ನುವುದಕ್ಕೆ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ ಒಂದು ಎಂಬ ಅಳತೆ. ಕಟ್ಟಡ ಸರ್ಕಾರದ್ದು, ಡಾಕ್ಟರ್ ಸರ್ಕಾರದವರು. ಇಲ್ಲಿನ ಮಾದರಿಗೆ ಹತ್ತಿರದ್ದು ನಮ್ಮಲ್ಲಿ ಬೇಕಂದರೆ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪಿ.ಎಚ್.ಸಿ. ಬಿಳಿಗಿರಿರಂಗನ ಬೆಟ್ಟದ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಅದರ ಹೊಣೆ ತೆಗೆದುಕೊಂಡಿತು. ದುಡ್ಡು ಬಹುಪಾಲು ಸರ್ಕಾರದ್ದು, ನಡೆಸುವುದು ಟ್ರಸ್ಟ್. ಅಲ್ಲಿ ಅದು ಅಪರೂಪದ ಪ್ರಯೋಗ, ಇಲ್ಲಿ ಅದೇ ನಿಯಮ.

ಇಲ್ಲಿ ಸೆಂಟರ್ ಎಲ್ಲಿ ಬೇಕು ಅಂತ ನಿರ್ಧರಿಸಲು ಒಂದು ಅಂಕಪಟ್ಟಿ ಇದೆ. ಆ ಪ್ರದೇಶದಲ್ಲಿ ಸಾವಿರ ಜನಕ್ಕೆ ಎಷ್ಟು ಡಾಕ್ಟರ್, ಬಡತನ ರೇಖೆಯ ಕೆಳಗೆ ನೂರಕ್ಕೆ ಎಷ್ಟು ಜನ, 65 ದಾಟಿದವರು ಎಷ್ಟು, ಹಸುಗೂಸುಗಳ ಸಾವು ಎಷ್ಟು. ಈ ನಾಲ್ಕನ್ನೂ ಸೇರಿಸಿ 100ಕ್ಕೆ ಅಂಕ ಹಾಕುತ್ತಾರೆ. 62 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ವೈದ್ಯಕೀಯ ಸೌಲಭ್ಯ ಸಾಲದ ಪ್ರದೇಶ. ಅಂದರೆ ಇಲ್ಲಿ ಫೇಲಾದವರಿಗೇ ಸೀಟು. ಗ್ರಾಂಟ್ ಬೇಕಾದರೆ ಇಂಥ ಪ್ರದೇಶದವರಿಗೆ, ಇಲ್ಲವೇ ಇಂಥದ್ದೇ ಕೊರತೆ ಇರುವ ಜನಕ್ಕೆ ಸೇವೆ ಕೊಡಬೇಕು. ವಲಸೆ ಕೃಷಿ ಕಾರ್ಮಿಕರು, ಮನೆ ಇಲ್ಲದವರು, ಸರ್ಕಾರಿ ವಸತಿಯಲ್ಲಿ ಇರುವವರು, ಇವರಿಗೆಲ್ಲ ಮೊದಲು ಬೇರೆ ಬೇರೆ ಯೋಜನೆಗಳಿದ್ದವು. 1996ರಲ್ಲಿ ಎಲ್ಲವನ್ನೂ 330ರ ಕೆಳಗೆ ತಂದರು.

ಈಗ ನನ್ನ ಮೇಜಿನ ಮೇಲಿನ ಲೆಕ್ಕಕ್ಕೆ ಬರುತ್ತೇನೆ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. "ಸರ್ಕಾರ ಗ್ರಾಂಟ್ ಕೊಡುತ್ತದೆ, ಅದರಲ್ಲಿ ಸೆಂಟರ್ ನಡೆಯುತ್ತದೆ" ಅಂದುಕೊಳ್ಳುತ್ತಾರೆ. ಹಾಗಿಲ್ಲ. ದೇಶದ ಎಲ್ಲ ಸೆಂಟರುಗಳ ಆದಾಯ ಸೇರಿಸಿ ನೋಡಿದರೆ ಈ 330 ಗ್ರಾಂಟು ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅತಿ ದೊಡ್ಡ ಪಾಲು ಮೆಡಿಕೇಯ್ಡ್‌ನದು, 100 ಡಾಲರಿನಲ್ಲಿ 40ರ ಆಸುಪಾಸು. ಮೆಡಿಕೇಯ್ಡ್ ಅಂದರೆ ಕಡಿಮೆ ಆದಾಯದವರಿಗೆ ಫೆಡರಲ್ ಸರ್ಕಾರ ಮತ್ತು ರಾಜ್ಯ ಸೇರಿ ಕೊಡುವ ಇನ್ಶೂರೆನ್ಸ್. ನಮ್ಮಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಅದೇ ಕಾರ್ಡ್ ಹಿಡಿದು ಬರುತ್ತಾರೆ.

ಮೆಡಿಕೇಯ್ಡ್ ನಮಗೆ ಕೊಡುವ ರೀತಿಯೂ ಬೇರೆ. ಸಾಮಾನ್ಯ ಡಾಕ್ಟರಿಗೆ ಪ್ರತಿ ಕೆಲಸಕ್ಕೂ ಬೇರೆ ಬೇರೆ ರೇಟು. ನಮಗೆ ಒಂದು ಭೇಟಿಗೆ ಇಷ್ಟು ಅಂತ ಒಂದೇ ರೇಟು. ಪೇಷಂಟ್ ಹತ್ತು ನಿಮಿಷ ಕೂತರೂ ಅಷ್ಟೇ, ಒಂದು ಗಂಟೆ ಕೂತರೂ ಅಷ್ಟೇ. 1989ರಲ್ಲಿ ಸಂಸತ್ತು ಈ ಬಗೆಯ ಹೆಲ್ತ್ ಸೆಂಟರುಗಳಿಗೆ ಮೆಡಿಕೇಯ್ಡ್‌ನಲ್ಲಿ ವಿಶೇಷ ಸ್ಥಾನ ಕೊಟ್ಟಿತು. ಕಾರಣ ಸರಳ. ಅದಕ್ಕೂ ಮುಂಚೆ ಮೆಡಿಕೇಯ್ಡ್ ಕೊಡುತ್ತಿದ್ದುದು ಖರ್ಚಿಗಿಂತ ಕಡಿಮೆ. ಆ ಕೊರತೆ ತುಂಬಲು ಇನ್ಶೂರೆನ್ಸ್ ಇಲ್ಲದವರಿಗೆ ಅಂತ ಬಂದ ಗ್ರಾಂಟೇ ಕರಗಿ ಹೋಗುತ್ತಿತ್ತು. ಈಗಿನ ಭೇಟಿ ರೇಟಿನ ಪದ್ಧತಿ 2001ರಿಂದ ಬಂದದ್ದು. 1999 ಮತ್ತು 2000ರ ಖರ್ಚಿನ ಸರಾಸರಿ ಹಿಡಿದು, ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಸ್ವಲ್ಪ ಏರಿಸುತ್ತಾರೆ. ಒಂದು ತೊಡಕಿದೆ. ಡಾಕ್ಟರ್, ನರ್ಸ್ ಪ್ರಾಕ್ಟೀಶನರ್ (ಹೆಚ್ಚಿನ ಓದು ಮುಗಿಸಿ ತಾವೇ ರೋಗಿ ನೋಡುವ ನರ್ಸ್), ಮನಃಶಾಸ್ತ್ರಜ್ಞ ಇಂಥವರನ್ನು ಕಂಡರೆ ಮಾತ್ರ ಅದು "ಭೇಟಿ". ಸಾಮಾನ್ಯ ನರ್ಸ್ ಅರ್ಧ ಗಂಟೆ ಕೂತು ಶುಗರ್ ಇರುವವರಿಗೆ ಊಟದ ಬಗ್ಗೆ ಹೇಳಿಕೊಟ್ಟರೆ ಸಾಮಾನ್ಯವಾಗಿ ನಮಗೆ ಒಂದು ಡಾಲರೂ ಬರುವುದಿಲ್ಲ. ಪೇಷಂಟಿಗೆ ಜಾಸ್ತಿ ಉಪಯೋಗವಾಗುವುದು ಎಷ್ಟೋ ಸಲ ಅದೇ ಅರ್ಧ ಗಂಟೆ.

ಹಾಗಾದರೆ ಆ ಚಿಕ್ಕ ಗ್ರಾಂಟಿಗೆ ಯಾಕಿಷ್ಟು ಬೆಲೆ? ನನ್ನ ಪ್ರಕಾರ ಅದು ಸಹಾಯಧನಕ್ಕಿಂತ ಹೆಚ್ಚಾಗಿ ಒಂದು ಕರಾರು. ಆ ದುಡ್ಡು ತೆಗೆದುಕೊಂಡ ಮೇಲೆ, ಕೊಡಲು ಶಕ್ತಿ ಇಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಆದಾಯಕ್ಕೆ ತಕ್ಕ ಫೀಸಿನ ಪಟ್ಟಿ (ಇದಕ್ಕೇ ಸ್ಲೈಡಿಂಗ್ ಫೀ ಅನ್ನುವುದು) ಇಡಲೇಬೇಕು. ಸಂಸ್ಥೆಯ ಬೋರ್ಡಿನಲ್ಲಿ ಕನಿಷ್ಠ 51% ಜನ ಅದೇ ಸೆಂಟರಿನ ಪೇಷಂಟ್‌ಗಳಾಗಿರಬೇಕು. ಇದು ಹೆಸರಿಗಲ್ಲ. ಬಜೆಟ್ ಒಪ್ಪುವುದು ಅವರು, ನಮ್ಮ ಮುಖ್ಯಸ್ಥರನ್ನು ನೇಮಿಸುವುದೂ ತೆಗೆಯುವುದೂ ಅವರು. ನಮ್ಮ ಪಿ.ಎಚ್.ಸಿ.ಗಳಿಗೂ ಆರೋಗ್ಯ ರಕ್ಷಾ ಸಮಿತಿ ಅಂತ ಇದೆ, ಆದರೆ ಡಾಕ್ಟರನ್ನು ತೆಗೆಯುವ ಅಧಿಕಾರ ಆ ಸಮಿತಿಗೆ ಇಲ್ಲ. ನಮ್ಮ ಬೋರ್ಡಿನಲ್ಲಿ ಶಾಲಾ ಬಸ್ ಓಡಿಸುವವರೊಬ್ಬರು ಇದ್ದಾರೆ. ನಾನು ಮಂಡಿಸಿದ ಬಜೆಟ್‌ಗೆ ಅತಿ ಕಷ್ಟದ ಪ್ರಶ್ನೆ ಕೇಳುವವರು ಅವರೇ. ಸಂಜೆ ಹೊತ್ತು ಕ್ಲಿನಿಕ್ ಯಾಕೆ ತೆರೆದಿರಲ್ಲ ಅಂತ ಪಟ್ಟು ಹಿಡಿದು ಕೇಳಿದ್ದು ಅವರು.

ಈ ಕರಾರಿಗೆ ಬದಲಾಗಿ ಗ್ರಾಂಟ್ ಜೊತೆ ಬೇರೆ ಅನುಕೂಲಗಳೂ ಬರುತ್ತವೆ. ಮೆಡಿಕೇಯ್ಡ್‌ನ ಆ ಭೇಟಿ ರೇಟು ಒಂದು. ಡಾಕ್ಟರ ಮೇಲೆ ಕೇಸ್ ಬಿದ್ದರೆ ಫೆಡರಲ್ ಸರ್ಕಾರವೇ ನಿಂತು ನೋಡಿಕೊಳ್ಳುತ್ತದೆ, ಅದರಿಂದ ದುಬಾರಿ ವಿಮೆಯ ಖರ್ಚು ಉಳಿಯುತ್ತದೆ. 1992ರ 340ಬಿ ಎಂಬ ಕಾನೂನಿನ ಪ್ರಕಾರ ಔಷಧಿ ಕಂಪನಿಗಳು ನಮಗೆ ರಿಯಾಯಿತಿ ದರದಲ್ಲಿ ಮಾರಬೇಕು. ನಿಮ್ಮ ತಮ್ಮನಿಗೆ ಇದು ಉಪಯೋಗಕ್ಕೆ ಬರಬಹುದು. ಸಾಮಾನ್ಯ ಶುಗರ್ ಮಾತ್ರೆ ಹೇಗೂ ಅಗ್ಗ, ಇನ್ಸುಲಿನ್ ಬೇಕಾದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಡಾಕ್ಟರುಗಳು ಬರುವ ದಾರಿಯಲ್ಲೂ ಸರ್ಕಾರದ ಕೈ ಇದೆ. ಇಲ್ಲಿ ಮೆಡಿಕಲ್ ಓದುವವರು ತಲೆ ಮೇಲೆ ದೊಡ್ಡ ಸಾಲ ಹೊತ್ತುಕೊಂಡೇ ಹೊರಗೆ ಬರುವುದು. 1970ರಲ್ಲಿ ಶುರುವಾದ ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್, ಡಾಕ್ಟರ್ ಕಡಿಮೆ ಇರುವ ಕಡೆ ಕೆಲಸ ಮಾಡಿದರೆ ಸಾಲದ ಒಂದು ಭಾಗ ತೀರಿಸುತ್ತದೆ. ಇನ್ನೊಂದು ದಾರಿ ನಮ್ಮವರಿಗೆ ಚೆನ್ನಾಗಿ ಗೊತ್ತು. ಭಾರತದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಜೆ-1 ವೀಸಾದಲ್ಲಿ ಇಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ವೈದ್ಯಕೀಯ ತರಬೇತಿ) ಮಾಡಿದವರು ನಿಯಮದ ಪ್ರಕಾರ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು. ಅದರ ಬದಲು ಇಂಥ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಿದರೆ ವಿನಾಯಿತಿ. ಇದಕ್ಕೆ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಓದಿದವರು ಅಮೆರಿಕದ ಹಳ್ಳಿಗಾಡಿನಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಗೋಳಿನ ಭಾಗ. 330ರ ದುಡ್ಡಿನಲ್ಲಿ ಸುಮಾರು 70% ಬರುವುದು 2010ರ ಒಬಾಮಾ ಆರೋಗ್ಯ ಕಾನೂನಿನಲ್ಲಿ ಹುಟ್ಟಿದ ಒಂದು ನಿಧಿಯಿಂದ. ಮೊದಲಿಗೆ ಐದು ವರ್ಷಕ್ಕೆ 1,100 ಕೋಟಿ ಡಾಲರ್ ಇಟ್ಟಿದ್ದರು. ಅವಧಿ ಮುಗಿದಾಗಲೆಲ್ಲ ಸಂಸತ್ತು ಅದನ್ನು ಮುಂದುವರಿಸಬೇಕು. 2017ರ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿಯಿತು, ಪೂರ್ತಿಯಾಗಿ ಮುಂದುವರಿಸಿದ್ದು 2018ರ ಫೆಬ್ರುವರಿಯಲ್ಲಿ. 2023ರ ನಂತರವಂತೂ ಕೆಲವೇ ವಾರ, ಕೆಲವೇ ತಿಂಗಳು ಅಂತ ತುಂಡು ತುಂಡಾಗಿ ಮುಂದೂಡಿದ್ದಾರೆ. ಇದರ ಪೆಟ್ಟು ಕಾಣುವುದು ನೇಮಕಾತಿಯಲ್ಲಿ. ದಂತವೈದ್ಯರಿಗೆ ಮೂರು ವರ್ಷದ ಕರಾರು ಬೇಕು. ನನ್ನ ಕೈಯಲ್ಲಿ ಇರುವುದು ಮುಂದಿನ ಕೆಲವು ತಿಂಗಳ ದುಡ್ಡಿನ ಖಾತ್ರಿ ಮಾತ್ರ. ಅವರು ಬೇರೆ ಕಡೆ ಹೋಗುತ್ತಾರೆ, ಹಲ್ಲುನೋವಿನವರು ನಮ್ಮ ಬಾಗಿಲಲ್ಲಿ ಇರುತ್ತಾರೆ. ಇದಕ್ಕೆ ಜೊತೆಯಾಗಿ 2025ರ ಜುಲೈ 4ರಂದು ಸಹಿಯಾದ ಕಾನೂನು ಮೆಡಿಕೇಯ್ಡ್ ಖರ್ಚನ್ನು ದೊಡ್ಡದಾಗಿ ಕತ್ತರಿಸಿದೆ, ಕೆಲಸ ಮಾಡುತ್ತಿದ್ದೇನೆ ಅಂತ ತೋರಿಸುವ ಷರತ್ತನ್ನೂ ತರುತ್ತಿದೆ. ಗ್ರಾಂಟ್ ಕಡಿತಕ್ಕಿಂತ ನನಗೆ ಇದೇ ಜಾಸ್ತಿ ಭಯ. ಕಾರ್ಡ್ ಕಳೆದುಕೊಂಡವರು ಕಾಯಿಲೆ ಬಿದ್ದಾಗ ನಮ್ಮಲ್ಲಿಗೇ ಬರುತ್ತಾರೆ. ಜನ ಅಷ್ಟೇ, ಆದಾಯ ಮಾತ್ರ ಕಡಿಮೆ.

ಸರಿ, ನಿಮ್ಮ ತಮ್ಮನ ವಿಷಯ. ಇನ್ಶೂರೆನ್ಸ್ ಹೋಗಿ 60 ದಿನ ಆಗಿಲ್ಲದಿದ್ದರೆ ಮೊದಲು ಸರ್ಕಾರಿ ಮಾರ್ಕೆಟ್‌ಪ್ಲೇಸಿನಲ್ಲಿ (ಇನ್ಶೂರೆನ್ಸ್ ಕೊಳ್ಳುವ ವೆಬ್‌ಸೈಟ್) ಬೇರೆ ಇನ್ಶೂರೆನ್ಸ್ ಸಿಗುತ್ತದಾ ನೋಡಲಿ. ಆ ಗಡುವು ದಾಟಿದರೆ ಸಾಮಾನ್ಯವಾಗಿ ವರ್ಷದ ಕೊನೆಯವರೆಗೆ ಕಾಯಬೇಕು. ಸೆಂಟರಿಗೆ ಹೋದರೆ ಫೀಸಿನ ರಿಯಾಯಿತಿಗೆ ಅಲ್ಲಿ ಕೇಳುವುದು ಎರಡೇ: ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು. 2025ರಲ್ಲಿ ಫೆಡರಲ್ ಬಡತನ ರೇಖೆ ಒಬ್ಬರಿಗೆ ವರ್ಷಕ್ಕೆ 15,650 ಡಾಲರ್, ನಾಲ್ವರ ಮನೆಗೆ 32,150 ಇತ್ತು. ಆದಾಯ ಈಗಿನ ರೇಖೆಯೊಳಗೆ ಇದ್ದರೆ ಪೂರ್ತಿ ರಿಯಾಯಿತಿ, ಅಥವಾ 20-30 ಡಾಲರಿನಂಥ ಸಣ್ಣ ಮೊತ್ತ. ಅಲ್ಲಿಂದ ಎರಡರಷ್ಟು ಆದಾಯದವರೆಗೆ ಹಂತ ಹಂತವಾಗಿ ರಿಯಾಯಿತಿ. ಅದರ ಮೇಲೆ ಪೂರ್ತಿ ಫೀಸು. ಅಲ್ಲಿ ಆಪರೇಷನ್ ಮಾಡುವುದಿಲ್ಲ, ಒಳರೋಗಿಯಾಗಿ ಸೇರಿಸಿಕೊಳ್ಳುವುದಿಲ್ಲ. ಸ್ಪೆಷಲಿಸ್ಟ್ ಬೇಕಾದರೆ ಚೀಟಿ ಕೊಡುತ್ತಾರೆ, ಅಲ್ಲಿಂದ ಮುಂದೆ ಕಷ್ಟವೇ. ಹೊಸಬರಿಗೆ ಅಪಾಯಿಂಟ್‌ಮೆಂಟ್ ಸಿಗಲು ವಾರಗಳೂ ಹಿಡಿಯಬಹುದು. ಆದರೆ ಎಮರ್ಜೆನ್ಸಿ ವಾರ್ಡಿಗಿಂತ ಇದು ಎಷ್ಟೋ ಮೇಲು. ಅಲ್ಲಿ 1986ರ ಕಾನೂನಿನ ಪ್ರಕಾರ ಜೀವಕ್ಕೆ ಅಪಾಯ ಇದ್ದವರನ್ನು ನೋಡಲೇಬೇಕು ನಿಜ, ಬಿಲ್ ಮಾತ್ರ ಮನೆಗೆ ಬರುತ್ತದೆ.

ವೀಸಾ ಬಗ್ಗೆ ಒಂದು ಮಾತು. ಹಿಂದೆ ಸೆಂಟರುಗಳು ವಲಸೆ ಸ್ಥಿತಿ ಏನೆಂದು ಕೇಳುತ್ತಲೇ ಇರಲಿಲ್ಲ. 2025ರ ಜುಲೈನಲ್ಲಿ ಫೆಡರಲ್ ಆರೋಗ್ಯ ಇಲಾಖೆ ಈ ಸೇವೆಯನ್ನು ಕೆಲವು ವರ್ಗದ ವಲಸಿಗರಿಗೆ ಮಾತ್ರ ಸಿಗುವ ಸೌಲಭ್ಯಗಳ ಪಟ್ಟಿಗೆ ಸೇರಿಸಿತು. ಹಲವು ರಾಜ್ಯಗಳು ಕೋರ್ಟಿಗೆ ಹೋದವು, ಸೆಪ್ಟೆಂಬರ್‌ನಲ್ಲಿ ಆ ರಾಜ್ಯಗಳ ಮಟ್ಟಿಗೆ ತಡೆಯಾಜ್ಞೆ ಸಿಕ್ಕಿತು. ಹಾಗಾಗಿ ಯಾವ ರಾಜ್ಯ, ಯಾವ ವೀಸಾ ಅನ್ನುವುದರ ಮೇಲೆ ಉತ್ತರ ಬದಲಾಗಬಹುದು. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ ಅನ್ನಿ, ಸೆಂಟರಿಗೇ ಫೋನ್ ಮಾಡಿ ಕೇಳಲಿ.

ಎಚ್‌ಆರ್‌ಎಸ್‌ಎ ವೆಬ್‌ಸೈಟಿನಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಹಾಕಿದರೆ ಹತ್ತಿರದ ಸೆಂಟರುಗಳ ಪಟ್ಟಿ ಬರುತ್ತದೆ. ಹೋಗುವಾಗ ಗುರುತಿನ ಚೀಟಿ, ಕೊನೆಯ ಸಂಬಳದ ಸ್ಲಿಪ್, ಕೆಲಸದಿಂದ ತೆಗೆದ ಪತ್ರ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಡಬ್ಬಿ ಇಟ್ಟುಕೊಂಡಿರಲಿ. ಫೋನ್ ಎತ್ತಿದವರಿಗೆ "ಸ್ಲೈಡಿಂಗ್ ಫೀ ಅರ್ಜಿ ಬೇಕು, ಶುಗರ್ ಇದೆ, ಮಾತ್ರೆ ಇಷ್ಟು ದಿನಕ್ಕೆ ಮುಗಿಯುತ್ತದೆ" ಅಂತ ಮೊದಲೇ ಹೇಳಿಬಿಡಲಿ. ಮಾತ್ರೆ ಮುಗಿಯುತ್ತಿದೆ ಅಂದವರಿಗೆ ಬೇಗ ಸಮಯ ಹೊಂದಿಸಿಕೊಡಲು ನಮ್ಮ ಫ್ರಂಟ್ ಡೆಸ್ಕಿನವರು ನೋಡುತ್ತಾರೆ. ಅಲ್ಲಿಯವರೂ ನೋಡಬಹುದು.